ಮೈಸೂರು–ಬೆಂಗಳೂರು ರೈಲು ಟಿಕೆಟ್: ದುಡ್ಡು ಸೋರುವ ಜಾಗಗಳು

ಮೈಸೂರಿನಿಂದ ಬೆಂಗಳೂರಿಗೆ ಹಳಿ ಒಂದೇ, ದೂರವೂ ಅದೇ 138 ಕಿ.ಮೀ. ಆದರೆ ಮೆಮು ಎಂಬ ಸ್ಥಳೀಯ ವಿದ್ಯುತ್ ರೈಲು ಹತ್ತಿದವರು ಕೊಟ್ಟ ದುಡ್ಡಿಗೂ ವಂದೇ ಭಾರತ್ ಹತ್ತಿದವರು ಕೊಟ್ಟ ದುಡ್ಡಿಗೂ ಹತ್ತು ಪಟ್ಟಿಗಿಂತ ಹೆಚ್ಚು ಅಂತರ. ಈ ಎರಡರ ನಡುವೆ ಎಷ್ಟೋ ಮೆಟ್ಟಿಲುಗಳಿವೆ. ಬಹಳ ಜನ ಬೇಕಂತ ಮೇಲಿನ ಮೆಟ್ಟಿಲು ಹತ್ತುವುದಿಲ್ಲ, ಗೊತ್ತಿಲ್ಲದೆ ಹತ್ತಿರುತ್ತಾರೆ.

ಮೊದಲು ನೋಡಬೇಕಾದ್ದು ರೈಲಿನ ಹೆಸರಲ್ಲ, ನಂಬರ್. ಐದಂಕಿಯ ನಂಬರ್ 5ರಿಂದ ಶುರುವಾದರೆ ಪ್ಯಾಸೆಂಜರ್, 6ರಿಂದಾದರೆ ಮೆಮು. ಇವೆರಡಕ್ಕೂ ಸಾಮಾನ್ಯ ದರ. 16, 17ರಿಂದ ಶುರುವಾಗುವ ಚಾಮುಂಡಿ, ಕಾವೇರಿ, ಹಂಪಿಯಂಥವು ಎಕ್ಸ್‌ಪ್ರೆಸ್. 12, 20, 22 ಕಂಡರೆ ಸೂಪರ್‌ಫಾಸ್ಟ್. ಮೊದಲು ಟಿಪ್ಪು ಆಗಿದ್ದು 2022ರಲ್ಲಿ ಒಡೆಯರ್ ಆದ 12613/12614 ಈ ಗುಂಪಿನದು. ಜನರಲ್ ಬೋಗಿಯಲ್ಲೇ ಕೂತರೂ ಪ್ಯಾಸೆಂಜರ್ ದರ ಎಕ್ಸ್‌ಪ್ರೆಸ್ ದರದ ಹೆಚ್ಚುಕಡಿಮೆ ಅರ್ಧ. ಸೂಪರ್‌ಫಾಸ್ಟ್ ಆದರೆ ಎಕ್ಸ್‌ಪ್ರೆಸ್ ದರದ ಮೇಲೆ ಇನ್ನೂ ₹15. ನಂಬರ್ 0ಯಿಂದ ಶುರುವಾದರೆ ಸ್ಪೆಷಲ್ ರೈಲು. ದಸರಾ, ದೀಪಾವಳಿಗೆ ಬಿಡುವ ಇಂಥ ಗಾಡಿಗಳಲ್ಲಿ ಕೆಲವಕ್ಕೆ ವಿಶೇಷ ದರ ಇರುತ್ತದೆ: ಸೆಕೆಂಡ್ ಕ್ಲಾಸಿಗೆ ಮೂಲ ದರದ ಶೇ 10, ಉಳಿದ ದರ್ಜೆಗೆ ಶೇ 30 ಹೆಚ್ಚು. ಅದೇ ಹೊತ್ತಿಗೆ ಮಾಮೂಲಿ ರೈಲು ಇದೆಯಾ ನೋಡಿಕೊಂಡೇ ಸ್ಪೆಷಲ್ಲಿಗೆ ಕೈಹಾಕಿ.

ಮೊಬೈಲಿನ ರೈಲ್‌ಒನ್ ಆ್ಯಪ್‌ನಲ್ಲಿ ಜನರಲ್ ಟಿಕೆಟ್ ತೆಗೆಯುವಾಗ ರೈಲಿನ ಬಗೆ ಆರಿಸಲು ಕೇಳುತ್ತದೆ. ಎಡವಟ್ಟು ಆಗುವುದು ಅಲ್ಲೇ. ಪ್ಯಾಸೆಂಜರ್ ಟಿಕೆಟ್ ತೆಗೆದು, ಮೆಮು ತಡ ಅಂತ ಮುಂದೆ ಬಂದ ಚಾಮುಂಡಿ ಹತ್ತಿದರೆ ಟಿಟಿ ಕೈಗೆ ಸಿಕ್ಕಾಗ ದರದ ವ್ಯತ್ಯಾಸದ ಜೊತೆಗೆ ಕನಿಷ್ಠ ₹250 ದಂಡ. ಉಲ್ಟಾ ಆದರೆ ತೊಂದರೆಯಿಲ್ಲ, ಸೂಪರ್‌ಫಾಸ್ಟ್ ಟಿಕೆಟ್ ಇಟ್ಟುಕೊಂಡು ಎಕ್ಸ್‌ಪ್ರೆಸ್ ಹತ್ತಬಹುದು. ದುಡ್ಡು ಮಾತ್ರ ವಾಪಸ್ ಬರಲ್ಲ. ಟಿಕೆಟ್ಟನ್ನು ಆ್ಯಪ್ ಒಳಗೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯಲ್ಲ. ರೈಲಿನೊಳಗೆ ಕೂತ ಮೇಲೆ ತೆಗೆಯಲೂ ಆಗಲ್ಲ. 200 ಕಿ.ಮೀ.ಗಿಂತ ಕಡಿಮೆ ದೂರದ ಜನರಲ್ ಟಿಕೆಟ್ ಹಿಂದಿನ ದಿನ ಸಿಗುವುದಿಲ್ಲ, ಹೊರಡುವ ದಿನವೇ ತೆಗೆಯಬೇಕು. ಕಾಗದವಿಲ್ಲದ ಟಿಕೆಟ್ ರದ್ದು ಮಾಡಿಸಲೂ ಬರುವುದಿಲ್ಲ. ಆದ್ದರಿಂದ ಸ್ಟೇಷನ್ ಹತ್ತಿರ ಬಂದ ಮೇಲೆ ತೆಗೆದರೆ ಕ್ಷೇಮ.

ಕನಿಷ್ಠ ದೂರ ಎಂಬ ಲೆಕ್ಕ

ಟಿಕೆಟ್ ಮೇಲೆ ಎಲ್ಲೂ ಎದ್ದು ಕಾಣದ ಸಂಗತಿ ಇದು, ನಮ್ಮ ಭಾಗದವರಿಗೆ ಹೆಚ್ಚು ನಷ್ಟವಾಗುವುದೂ ಇದರಿಂದಲೇ. ಪ್ರತಿ ದರ್ಜೆಗೂ ರೈಲ್ವೆ ಒಂದು ಕನಿಷ್ಠ ದೂರ ಇಟ್ಟಿದೆ. ನೀವು ಅದಕ್ಕಿಂತ ಕಡಿಮೆ ಹೋದರೂ ಅಷ್ಟು ದೂರದ ದುಡ್ಡು ಕೊಡಬೇಕು. ಎಕ್ಸ್‌ಪ್ರೆಸ್ ಸೆಕೆಂಡ್ ಕ್ಲಾಸಿಗೆ 50 ಕಿ.ಮೀ., ಎಸಿ ಚೇರ್ ಕಾರ್‌ಗೆ 150, ಸ್ಲೀಪರ್‌ಗೆ 200, ಎಸಿ ತ್ರೀ ಟಯರ್ ಮತ್ತು ಟೂ ಟಯರ್‌ಗೆ 300.

ಇದನ್ನು ನಮ್ಮ ಹಳಿಗೆ ಹಾಕಿ ನೋಡಿ. ಬೆಂಗಳೂರಿಗೆ ಹೋಗಲು ಕಾವೇರಿಯಲ್ಲಿ ಸ್ಲೀಪರ್ ಬುಕ್ ಮಾಡಿದರೆ 138 ಕಿ.ಮೀ.ಗೆ 200 ಕಿ.ಮೀ. ದುಡ್ಡು, ತ್ರೀ ಟಯರ್ ಹಾಕಿದರೆ 300ರದ್ದು, ಅಂದರೆ ಎರಡು ಪಟ್ಟಿಗಿಂತ ಜಾಸ್ತಿ. ಎಸಿ ಬೇಕೇ ಬೇಕು ಅನ್ನುವವರಿಗೆ ಚೇರ್ ಕಾರ್‌ನಲ್ಲಿ ಹೆಚ್ಚು ಬೀಳುವುದು 12 ಕಿ.ಮೀ. ಮಾತ್ರ. ಮಂಡ್ಯದವರಿಗೆ ಇಲ್ಲೊಂದು ಅನ್ಯಾಯ ಇದೆ: ಬೆಂಗಳೂರು ಅಲ್ಲಿಂದ ಸುಮಾರು 93 ಕಿ.ಮೀ., ಆದರೂ ಚೇರ್ ಕಾರ್ ಮೂಲ ದರ ಮೈಸೂರಿನವರು ಕೊಡುವಷ್ಟೇ. ಮಂಡ್ಯದಿಂದ ಹತ್ತುವವರಿಗೆ ಸೆಕೆಂಡ್ ಸಿಟ್ಟಿಂಗೇ (ಸೀಟು ಕಾದಿರಿಸುವ, ಎಸಿಯಿಲ್ಲದ ಸೆಕೆಂಡ್ ಕ್ಲಾಸ್) ಲಾಭ.

ಶ್ರೀರಂಗಪಟ್ಟಣ, ಪಾಂಡವಪುರದಿಂದ ಮೈಸೂರಿಗೆ ಎಕ್ಸ್‌ಪ್ರೆಸ್‌ನಲ್ಲಿ ಬಂದರೂ ಇದೇ ಕಥೆ. ಹದಿನೈದು ಕಿ.ಮೀ. ಆಸುಪಾಸಿನ ಪಯಣಕ್ಕೆ 50 ಕಿ.ಮೀ. ದರ. ಅಲ್ಲಿಗೆಲ್ಲ ಮೆಮು, ಪ್ಯಾಸೆಂಜರ್‌ಗೆ ಕಾಯುವುದೇ ಸರಿ; ಅವುಗಳ ಕನಿಷ್ಠ ಟಿಕೆಟ್ ₹10.

ದಿನಾ ಓಡಾಡುವವರಿಗೆ ಪಾಸು

ಪಾಸು 150 ಕಿ.ಮೀ. ತನಕ ಸಿಗುತ್ತದೆ, ಹಾಗಾಗಿ ಮೈಸೂರು–ಬೆಂಗಳೂರಿಗೂ ತೆಗೆಯಬಹುದು. ತಿಂಗಳ ಪಾಸಿನ ದರವನ್ನು ನೀವು ಈಗ ಕೊಡುವ ಒಂದು ಬದಿಯ ಟಿಕೆಟ್ ದರದಿಂದ ಭಾಗಿಸಿ. ಎಷ್ಟು ಬರುತ್ತದೋ ಅಷ್ಟು ಸಲ ಓಡಾಡಿದರೆ ಪಾಸಿನ ದುಡ್ಡು ಹುಟ್ಟಿತು. ದಿನಾ ಹೋಗಿಬರುವವರಿಗೆ ಸಾಮಾನ್ಯವಾಗಿ ಎರಡು ವಾರದೊಳಗೇ ಹುಟ್ಟುತ್ತದೆ. ಮೂರು ತಿಂಗಳ ಪಾಸಿಗೆ ತಿಂಗಳ ದರದ 2.7 ಪಟ್ಟು. ಕಾಲೇಜು ಮಕ್ಕಳು ಪರೀಕ್ಷೆ ಹತ್ತಿರ ಬಂದಾಗ ಮೂರು ತಿಂಗಳದ್ದು ತೆಗೆಯಬೇಡಿ, ರಜೆಯ ದಿನಗಳೂ ಅದರಲ್ಲಿ ಉರಿದುಹೋಗುತ್ತವೆ. ಮುಗಿಯುವ 10 ದಿನ ಮುಂಚೆಯೇ ನವೀಕರಿಸಬಹುದು, ಹೊಸ ಅವಧಿ ಹಳೆಯದು ಮುಗಿದ ಮೇಲೆ ಶುರುವಾಗುತ್ತದೆ.

ಪಾಸಿನವರು ಸಿಕ್ಕಿಬೀಳುವುದು ಎರಡು ಕಡೆ. ಸೂಪರ್‌ಫಾಸ್ಟ್ ಹತ್ತಲು ಅದಕ್ಕೆ ಬೇರೆ ಶುಲ್ಕ ಕಟ್ಟಿರಬೇಕು. ಮತ್ತೆ, ರಿಸರ್ವೇಶನ್ ಬೋಗಿ ಖಾಲಿ ಕಂಡರೂ ಪಾಸಿಟ್ಟುಕೊಂಡು ಅಲ್ಲಿ ಕೂರುವಂತಿಲ್ಲ. ಮನೆಯಿಂದ ಕಾಲೇಜಿಗೆ ಓಡಾಡುವ ಹೆಣ್ಣುಮಕ್ಕಳಿಗೆ ಪದವಿ ತನಕ, ಗಂಡುಮಕ್ಕಳಿಗೆ ಹನ್ನೆರಡನೇ ತರಗತಿ ತನಕ ಸೆಕೆಂಡ್ ಕ್ಲಾಸ್ ತಿಂಗಳ ಪಾಸು ಉಚಿತ. ಪ್ರಾಂಶುಪಾಲರ ಸಹಿ, ಸೀಲು ಇರುವ ಪತ್ರ ತಗೊಂಡು ಕೌಂಟರಿಗೇ ಹೋಗಬೇಕು. ಮಂಡ್ಯ, ಮದ್ದೂರಿನಿಂದ ಮೈಸೂರಿಗೆ ಬರುವ ಮಕ್ಕಳು ಇದನ್ನು ಮರೆತು ದುಡ್ಡು ಕೊಡಬಾರದು. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ಅದನ್ನು ನಂಬಿ ಹೊರಡಬೇಡಿ.

ಬುಕಿಂಗ್‌ನಲ್ಲಿ ಸೇರುವ ಚಿಲ್ಲರೆ

ಸೂಪರ್‌ಫಾಸ್ಟ್ ಸೆಕೆಂಡ್ ಸಿಟ್ಟಿಂಗ್‌ಗೆ ರಿಸರ್ವೇಶನ್ ₹15, ಸೂಪರ್‌ಫಾಸ್ಟ್ ₹15, ಐಆರ್‌ಸಿಟಿಸಿಯಲ್ಲಿ ಯುಪಿಐನಿಂದ ಕೊಟ್ಟರೆ ₹10 ಮತ್ತು ಅದರ ಮೇಲೆ ಜಿಎಸ್‌ಟಿ, ಕಾರ್ಡ್ ಅಥವಾ ನೆಟ್ ಬ್ಯಾಂಕಿಂಗ್ ಆದರೆ ₹15 ಮತ್ತು ಜಿಎಸ್‌ಟಿ. ಯುಪಿಐ ಲೆಕ್ಕದಲ್ಲಿ ಒಟ್ಟು ₹41.80, ಬೆಂಗಳೂರಿನಷ್ಟು ಸಮೀಪಕ್ಕೆ ಇದು ಸಣ್ಣ ಮೊತ್ತವಲ್ಲ. ಐಆರ್‌ಸಿಟಿಸಿಯ ಶುಲ್ಕ ತಲೆಗಲ್ಲ, ಟಿಕೆಟಿಗೆ. ಆರು ಜನರನ್ನು ಒಂದೇ ಟಿಕೆಟಿನಲ್ಲಿ ಹಾಕಿದರೆ ಒಂದೇ ಸಲ ಬೀಳುತ್ತದೆ.

‘ಇರಲಿ’ ಅಂತ ಬೆಳಿಗ್ಗೆ ಒಂದು, ಸಂಜೆ ಒಂದು ಎರಡೆರಡು ಬುಕ್ ಮಾಡಬೇಡಿ. ಕನ್ಫರ್ಮ್ ಆದ ಸೆಕೆಂಡ್ ಸಿಟ್ಟಿಂಗ್ ರದ್ದು ಮಾಡಿದರೆ ತಲೆಗೆ ಕನಿಷ್ಠ ₹60 ಹಿಡಿಯುತ್ತಾರೆ. ಇಷ್ಟು ಕಡಿಮೆ ದೂರಕ್ಕೆ ಉಳಿಯುವುದು ಚಹಾದ ಕಾಸು.

ತತ್ಕಾಲ್ ಅಂದರೆ ದುಬಾರಿ ಅಂತ ಎಲ್ಲರೂ ಹೆದರುತ್ತಾರೆ, ಆದರೆ ಸೆಕೆಂಡ್ ಸಿಟ್ಟಿಂಗ್‌ನಲ್ಲಿ ಅದರ ಹೆಚ್ಚುವರಿ ₹10ರಿಂದ ₹15 ಅಷ್ಟೇ. ಸ್ಲೀಪರ್‌ಗೆ ₹100ರಿಂದ 200, ಚೇರ್ ಕಾರ್‌ಗೆ ₹125ರಿಂದ 225, ತ್ರೀ ಟಯರ್‌ಗೆ ₹300ರಿಂದ 400. ರೈಲು ಹೊರಡುವ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಉಳಿದವಕ್ಕೆ 11ಕ್ಕೆ ತೆರೆಯುತ್ತದೆ. 2025ರ ಜುಲೈನಿಂದ ಆನ್‌ಲೈನ್ ಖಾತೆಗೆ ಆಧಾರ್ ದೃಢೀಕರಣ ಆಗಿರಬೇಕು. ಅದನ್ನು 10:59ಕ್ಕೆ ಮಾಡಲು ಕೂರಬೇಡಿ. ‘ಪ್ರೀಮಿಯಂ ತತ್ಕಾಲ್’ ಬೇರೆಯೇ ಪ್ರಾಣಿ, ಸೀಟು ಕಡಿಮೆಯಾದ ಹಾಗೆ ದರ ಏರುತ್ತದೆ. ಪಟ್ಟಿಯಲ್ಲಿ ಅದನ್ನು ಒತ್ತಿಬಿಟ್ಟವರು ಬಹಳ ಜನ.

ವಂದೇ ಭಾರತ್, ಶತಾಬ್ದಿ ಬುಕ್ ಮಾಡುವಾಗ ‘ಊಟ ಬೇಡ’ ಆರಿಸಿ. ಎರಡು ಗಂಟೆಯ ದಾರಿಗೆ ಆ ದುಡ್ಡು ದಂಡ. ಮದ್ದೂರು ವಡೆ ಬೇಕಾದವರು ಮಾಮೂಲಿ ರೈಲೇ ಹತ್ತಲಿ.

ಮಕ್ಕಳ ಲೆಕ್ಕ: ಐದು ವರ್ಷದೊಳಗೆ ಉಚಿತ. ಐದರಿಂದ ಹನ್ನೆರಡರವರೆಗೆ ಜನರಲ್‌ನಲ್ಲಿ ಅರ್ಧ ಟಿಕೆಟ್, ಸ್ಲೀಪರ್‌ನಲ್ಲಿ ಬರ್ತ್ ಬೇಡ ಅಂದರೂ ಅರ್ಧ. ಚೇರ್ ಕಾರ್, ಸೆಕೆಂಡ್ ಸಿಟ್ಟಿಂಗ್‌ನಲ್ಲಿ ಆ ಆಯ್ಕೆಯೇ ಇಲ್ಲ, ಪೂರ್ತಿ ದರ. ರಾಜ್ಯದ ವಿಳಾಸದ ಗುರುತಿನ ಚೀಟಿ ಇರುವ ಹೆಂಗಸರಿಗೆ 2023ರ ಜೂನ್‌ನಿಂದ ಕೆಂಪು ಬಸ್ಸೇ ಉಚಿತ. ಅವರ ಮಟ್ಟಿಗೆ ರೈಲು ಸಮಯ ಉಳಿಸಲು, ದುಡ್ಡು ಉಳಿಸಲಲ್ಲ.

ದೂರ ಹೋಗುವಾಗ

ದೂರ ಹೆಚ್ಚಿದಂತೆ ಕಿ.ಮೀ. ದರ ಇಳಿಯುತ್ತದೆ. ಹಾಗಾಗಿ ಬೆಂಗಳೂರಲ್ಲಿ ರೈಲು ಬದಲಿಸಿ ಉತ್ತರಕ್ಕೆ ಹೋಗುವವರು ಎರಡು ತುಂಡು ಟಿಕೆಟ್ ಬದಲು ಕೌಂಟರಿನಲ್ಲಿ ಮೈಸೂರಿನಿಂದಲೇ ಥ್ರೂ ಟಿಕೆಟ್ ಕೇಳಿ. ಆನ್‌ಲೈನ್‌ನಲ್ಲಿ ಎರಡು ಪಿಎನ್‌ಆರ್ ಜೋಡಿಸಿದರೆ ಕನೆಕ್ಷನ್ ತಪ್ಪಿದಾಗ ಅನುಕೂಲ, ದರ ಮಾತ್ರ ಇಳಿಯಲ್ಲ.

ದರ ಬೀಳುವುದು ಊರಿಗಲ್ಲ, ರೈಲು ಓಡುವ ದಾರಿಗೆ. ಹುಬ್ಬಳ್ಳಿಗೆ ಹಾಸನ, ಅರಸೀಕೆರೆ ಮೇಲೆ ಹೋಗುವ ಧಾರವಾಡ ಎಕ್ಸ್‌ಪ್ರೆಸ್ ಬಿಟ್ಟು ಬೆಂಗಳೂರು ಸುತ್ತಿ ಹೋಗುವ ರೈಲು ಹಿಡಿದರೆ ನೂರಕ್ಕೂ ಹೆಚ್ಚು ಕಿ.ಮೀ. ದುಡ್ಡು ಜಾಸ್ತಿ. ಹಂಪಿ ಎಕ್ಸ್‌ಪ್ರೆಸ್ ಅಂತೂ ಗುಂತಕಲ್, ಬಳ್ಳಾರಿ ತೋರಿಸಿಕೊಂಡು ಹುಬ್ಬಳ್ಳಿ ಮುಟ್ಟಿಸುತ್ತದೆ. ಬುಕ್ ಮಾಡುವ ಮುಂಚೆ ರೈಲಿನ ಹೆಸರಿನ ಪಕ್ಕದ ಮಾರ್ಗ ಒತ್ತಿ, ನಡುವೆ ಯಾವ ಊರು ಬರುತ್ತದೆ, ಒಟ್ಟು ಎಷ್ಟು ಕಿ.ಮೀ. ಎಂದು ನೋಡಿ.