ದುಬೈ ಅಡುಗೆಮನೆಯಲ್ಲಿ ಇಲೋಕೋಸ್‌ನ ಪಿನಕ್‌ಬೆಟ್

ಹಾಗಲಕಾಯಿ, ಬದನೆ, ಬೆಂಡೆ, ಉದ್ದ ಅಲಸಂದೆ, ಟೊಮೆಟೊ. ಫಿಲಿಪ್ಪೀನ್ಸ್‌ನ ಪಿನಕ್‌ಬೆಟ್‌ಗೆ ಬೇಕಾದ ತರಕಾರಿ ಇಷ್ಟೇ. ದುಬೈನ ಕರಾಮಾದಲ್ಲಿ ನಮ್ಮವರು ಸಾಂಬಾರಿಗೆ ತರಕಾರಿ ಕೊಳ್ಳುವ ಅಂಗಡಿಗಳಲ್ಲೇ ಇವೆಲ್ಲ ಸಿಗುತ್ತವೆ. ಉಳಿದದ್ದಕ್ಕೆ ದುಬೈನದೇ ಸತ್ವಾ ಬಡಾವಣೆಯಲ್ಲಿ ಫಿಲಿಪಿನೋ ದಿನಸಿ ಅಂಗಡಿಗಳಿವೆ.

ಇದು ಲುಝಾನ್ ದ್ವೀಪದ ವಾಯವ್ಯ ಕರಾವಳಿ, ಇಲೋಕೋಸ್ ಸೀಮೆಯ ಅಡುಗೆ. ಅಲ್ಲಿಯವರು ದುಡಿಮೆಗೆಂದು ಊರು ಬಿಡುವುದು ಇಂದು ನಿನ್ನೆಯದಲ್ಲ. 1906ರಲ್ಲೇ 15 ಮಂದಿ ಹವಾಯಿಯ ಕಬ್ಬಿನ ತೋಟಗಳಿಗೆ ಹೋಗಿದ್ದರು. ಹೋದಲ್ಲೆಲ್ಲ ಈ ಅಡುಗೆಯನ್ನೂ ಒಯ್ದರು.

ರುಚಿಯ ಜೀವ ಬಗೊಓಂಗ್, ಅಂದರೆ ಉಪ್ಪು ಹಾಕಿ ಹುದುಗಿಸಿದ ಸಿಗಡಿ ಅಥವಾ ಮೀನು. ಮನಿಲಾ ಕಡೆಯವರು ಸಣ್ಣ ಸಿಗಡಿಯಿಂದ ಮಾಡಿದ್ದನ್ನು ಹಾಕುತ್ತಾರೆ, ಜೊತೆಗೆ ಸಿಹಿಗುಂಬಳವನ್ನೂ ಸೇರಿಸುತ್ತಾರೆ. ಇಲೋಕೋಸ್‌ನವರದು ಮೀನಿನದು, ಅಂದರೆ ಬಗೊಓಂಗ್ ಇಸ್ದಾ. ಬೆರಳುದ್ದದ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿರುತ್ತಾರೆ. ಬಾಟಲಿಯ ತಳದಲ್ಲಿ ಬೂದು ಬಣ್ಣದ ಇಡೀ ಮೀನುಗಳೇ ಕಾಣುತ್ತವೆ. ನನ್ನ ಓಟು ಇದಕ್ಕೇ. ತರಕಾರಿಯ ಕಹಿಯ ಜೊತೆ ಇದರ ಉಪ್ಪು ಚೆನ್ನಾಗಿ ಹೊಂದುತ್ತದೆ. ಸಿಗದಿದ್ದರೆ ಥಾಯ್ ಫಿಶ್ ಸಾಸ್ ಆದೀತು. ಮೀನು ತಿನ್ನದವರು ಸೋಯಾದ ಮಿಸೊ ಕರಗಿಸಿ ಹಾಕಬಹುದು, ರುಚಿ ಮಾತ್ರ ಬೇರೆಯಾಗುತ್ತದೆ.

ನಾಲ್ಕು ಜನಕ್ಕೆ ಗಿಡ್ಡ ತಳಿಯ ಹಾಗಲಕಾಯಿ ನಾಲ್ಕು, ಪುಟ್ಟ ಬದನೆ ಆರು, ಎಳೆ ಬೆಂಡೆ ಹತ್ತು, ಅಲಸಂದೆ ಒಂದು ಹಿಡಿ, ಹಣ್ಣು ಟೊಮೆಟೊ ನಾಲ್ಕು, ಈರುಳ್ಳಿ ಒಂದು, ಶುಂಠಿ ಒಂದಿಂಚು, ಬೆಳ್ಳುಳ್ಳಿ ನಾಲ್ಕೆಸಳು ಸಾಕು. ಇಲೋಕೋಸ್‌ನ ಹಾಗಲವೂ ಗಿಡ್ಡದೇ. ಹಾಗಾಗಿ ನಮ್ಮ ಅಂಗಡಿಯ ಮುಳ್ಳುಮುಳ್ಳಾದ ಸಣ್ಣ ಹಾಗಲ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಎಣ್ಣೆಗಾಯಿಗೆ ಸೀಳುವ ಹಾಗೆ ಬದನೆ, ಹಾಗಲಗಳನ್ನು ತೊಟ್ಟಿನ ಕಡೆ ಬಿಟ್ಟು ನಾಲ್ಕಾಗಿ ಸೀಳಿ. ಬೀಜ ಬಲಿತಿದ್ದರೆ ಮಾತ್ರ ತೆಗೆಯಿರಿ. ಬೆಂಡೆಯನ್ನು ಇಡಿಯಾಗಿ ಬಿಡಿ, ಕೊಯ್ದರೆ ಲೋಳೆ ಜಾಸ್ತಿ.

ಮೊದಲು ಎರಡು ದೊಡ್ಡ ಚಮಚ ಬಗೊಓಂಗನ್ನು ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ. ಮೀನು ಕರಗಿ ಮುಳ್ಳು ಉಳಿಯುತ್ತದೆ. ಜರಡಿಯಲ್ಲಿ ಸೋಸಿಕೊಳ್ಳಿ. ವಾಸನೆ ಗಾಢವಾಗಿರುತ್ತದೆ. ಹಂಚಿಕೊಂಡ ಫ್ಲಾಟಾದರೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಜೊತೆಗಿರುವವರಿಗೂ ಮೊದಲೇ ಹೇಳಿ.

ದಪ್ಪ ತಳದ ಪಾತ್ರೆಯಲ್ಲಿ ಟೊಮೆಟೊ, ಈರುಳ್ಳಿ, ಜಜ್ಜಿದ ಶುಂಠಿ, ಬೆಳ್ಳುಳ್ಳಿ ಹರಡಿ. ಅದರ ಮೇಲೆ ಹಾಗಲ, ಅಲಸಂದೆ, ಆಮೇಲೆ ಬದನೆ, ಎಲ್ಲಕ್ಕಿಂತ ಮೇಲೆ ಬೆಂಡೆ. ಸೋಸಿದ ರಸ ಸುರಿದು ಮುಚ್ಚಿ. ನೀರು ಕಡಿಮೆಯಾಯಿತು ಅನ್ನಿಸಬಹುದು. ಸೇರಿಸಬೇಡಿ. ಟೊಮೆಟೊ, ಬದನೆ ನೀರು ಬಿಡುತ್ತವೆ.

ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಸೌಟು ಹಾಕಿ ತಿರುವಬಾರದು. ತಿರುವಿದರೆ ಬದನೆ ಮುದ್ದೆಯಾಗುತ್ತದೆ, ಬೆಂಡೆ ಒಡೆದು ಲೋಳೆ ಬಿಡುತ್ತದೆ. ಐದೈದು ನಿಮಿಷಕ್ಕೊಮ್ಮೆ ಪಾತ್ರೆಯ ಎರಡೂ ಕಿವಿ ಬಟ್ಟೆಯಲ್ಲಿ ಹಿಡಿದು, ಮುಚ್ಚಳ ಒತ್ತಿಕೊಂಡು ಒಮ್ಮೆ ಕುಲುಕಿ. ಕೆಳಗಿನದು ಮೇಲೆ ಬರುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ತರಕಾರಿ ಬಾಡಿ ಸುಕ್ಕುಗಟ್ಟಿ, ತಳದಲ್ಲಿ ಸ್ವಲ್ಪವೇ ರಸ ಉಳಿದರೆ ಹದ ಸರಿ. ಉಪ್ಪು ಬೇಕೋ ಬೇಡವೋ ಎಂದು ಆಗಲೇ ನೋಡಿ. ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಇಲೋಕೋಸ್‌ನಲ್ಲಿ ಇದಕ್ಕೆ ಬ್ಯಾಗ್ನೆಟ್, ಅಂದರೆ ಬೇಯಿಸಿ ಗರಿಯಾಗಿ ಕರಿದ ಹಂದಿಮಾಂಸ ಸೇರಿಸುತ್ತಾರೆ. ಹಂದಿ ತಿನ್ನದವರು ಹುರಿದ ಮೀನಿನ ತುಂಡು ಹಾಕಬಹುದು. ಬಿಸಿ ಬಿಳಿ ಅನ್ನಕ್ಕೆ ಕಲಸಿಕೊಂಡು ತಿನ್ನಿ.

ಬಾಟಲಿಯಲ್ಲಿ ಉಳಿದ ಬಗೊಓಂಗನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ. ಅದೇ ಸೀಮೆಯ ತೆಳು ಸಾರು ದಿನೆಂಗ್‌ದೆಂಗ್‌ಗೆ ನುಗ್ಗೆಸೊಪ್ಪು, ಕುಂಬಳದ ಹೂವಿನ ಜೊತೆ ಎರಡು ಚಮಚ ಸಾಕಾಗುತ್ತದೆ.