ಇಇಜಿ ಅಲೆಗಿಂತ ಮೊದಲು ಅನುಭವದ ಮಾತು

ಪ್ರಜ್ಞೆಯ ಅಧ್ಯಯನದಲ್ಲಿ ವ್ಯಕ್ತಿ ತನ್ನ ಅನುಭವದ ಬಗ್ಗೆ ಶಿಸ್ತಿನಿಂದ ಕೊಡುವ ವಿವರಣೆಗೆ ಮಿದುಳಿನ ದಾಖಲೆಯಷ್ಟೇ ಬೆಲೆ ಇರಬೇಕೆಂದು ಚಿಲಿಯ ಜೀವವಿಜ್ಞಾನಿ ಫ್ರಾನ್ಸಿಸ್ಕೊ ವರೇಲಾ 1996ರಲ್ಲಿ ವಾದಿಸಿದರು. ಬೆಂಗಳೂರಿನಲ್ಲಿ ಧ್ಯಾನ ಮಾಡುವವರ ಇಇಜಿಯನ್ನು, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು, ದಾಖಲಿಸುವ ನನಗೆ ಆ ವಾದವೇ ಕೆಲಸದ ಕ್ರಮವಾಗಿದೆ.

ನನ್ನ ಪ್ರಯೋಗದಲ್ಲಿ ಭಾಗವಹಿಸುವವರು ಎಲೆಕ್ಟ್ರೋಡುಗಳ ಟೋಪಿ ಧರಿಸಿ ಉಸಿರನ್ನು ಗಮನಿಸುತ್ತಾರೆ, ಮನಸ್ಸು ಬೇರೆಡೆ ಹೋಗಿದೆಯೆಂದು ಅರಿವಾದೊಡನೆ ಗುಂಡಿ ಒತ್ತುತ್ತಾರೆ. ಆ ಕ್ಷಣವನ್ನು ಯಂತ್ರ ಮಿಲಿಸೆಕೆಂಡಿನ ನಿಖರತೆಯಲ್ಲಿ ಗುರುತಿಸುತ್ತದೆ. ಆದರೆ ಅದಕ್ಕೆ ಹಿಂದಿನ ಕೆಲವು ಸೆಕೆಂಡುಗಳಲ್ಲಿ ಆ ವ್ಯಕ್ತಿಗೆ ಏನಾಗುತ್ತಿತ್ತು ಎಂಬುದನ್ನು ಅಲೆಗಳಷ್ಟೇ ನೋಡಿ ಹೇಳಲಾಗದು.

ಆದ್ದರಿಂದ ದಾಖಲಾತಿ ಮುಗಿದ ಕೂಡಲೇ, ಗುಂಡಿ ಒತ್ತಿದ ಸಂದರ್ಭಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಸಂದರ್ಶನಕ್ಕೆ ಕೂರುತ್ತೇನೆ. ಏಕೆ ಹೀಗಾಯಿತು ಎಂದು ಎಂದೂ ಕೇಳುವುದಿಲ್ಲ. ಕಾರಣ ಕೇಳಿದರೆ ಜನ ತಮಗೆ ಸಹಜವೆನಿಸಿದ ಊಹೆಯನ್ನೇ ಅನುಭವವೆಂದು ಹೇಳಿಬಿಡುತ್ತಾರೆಂದು ಮನೋವಿಜ್ಞಾನಿಗಳಾದ ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲೇ ಎಚ್ಚರಿಸಿದ್ದರು. ಅವರ ಆಕ್ಷೇಪ ಬಲವಾದದ್ದು, ಆದರೆ ನನ್ನ ದೃಷ್ಟಿಯಲ್ಲಿ ಅದು ಪ್ರಶ್ನೆ ಕೇಳುವ ರೀತಿಗೆ ಸಲ್ಲುತ್ತದೆಯೇ ಹೊರತು ಅನುಭವವನ್ನು ಕೇಳುವುದಕ್ಕೇ ಅಲ್ಲ.

ಸಂಗೀತ ಪಾಠ ಹೇಳುವ ಹಿರಿಯರೊಬ್ಬರು ಮೊದಲಿಗೆ, "ಏನೋ ಯೋಚನೆ ಬಂತು, ಅಷ್ಟೇ" ಎಂದರು.

"ಅದು ಬರುವುದಕ್ಕೆ ಮುಂಚೆ ಉಸಿರು ನಿಮಗೆ ಎಲ್ಲಿ ತಿಳಿಯುತ್ತಿತ್ತಮ್ಮ?" ಎಂದು ಕೇಳಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಇಂಥ ಮೌನವನ್ನು ಮುರಿಯಬಾರದು. ವ್ಯಕ್ತಿ ಆ ಕ್ಷಣಕ್ಕೆ ಮರಳುತ್ತಿರುವುದು ಆಗಲೇ.

"ಮೂಗಿನ ತುದಿಯಲ್ಲಿ... ಇಲ್ಲ, ಆಗಲೇ ಅಲ್ಲಿರಲಿಲ್ಲ. ಉಸಿರು ಎಲ್ಲೋ ದೂರದಲ್ಲಿ ಕೇಳುತ್ತಿತ್ತು. ಆಮೇಲೆ ನಾಳೆ ಹೇಳಿಕೊಡಬೇಕಾದ ಪಲ್ಲವಿ ಶುರುವಾಯಿತು."

ಯೋಚನೆಗೂ ಮೊದಲೇ ಗಮನ ಸಡಿಲವಾಗಿತ್ತೆಂಬ ಈ ವಿವರ ನನ್ನ ಯಾವ ಪ್ರಶ್ನಾವಳಿಯಲ್ಲೂ ಇರಲಿಲ್ಲ. ಬೇರೆಯವರ ಮಾತುಗಳಲ್ಲೂ ಇದು ಕಾಣಿಸಿಕೊಂಡಾಗ "ದೂರವಾದ ಉಸಿರು" ಎಂಬುದನ್ನು ಪ್ರತ್ಯೇಕ ವರ್ಗವಾಗಿಸಿದೆ. ಅಂದಿನಿಂದ ಗುಂಡಿ ಒತ್ತಿದ ಪ್ರತಿ ಸಲವೂ ಆ ಸ್ಥಿತಿ ಇತ್ತೋ ಇಲ್ಲವೋ ಎಂದು ಅವರಿಂದಲೇ ಚುಟುಕಾಗಿ ಕೇಳಿ ಬರೆದುಕೊಳ್ಳುತ್ತೇನೆ. ವರ್ಗೀಕರಣ ಪೂರ್ತಿಯಾಗುವ ತನಕ ಇಇಜಿ ಕಡತವನ್ನು ತೆರೆಯುವುದಿಲ್ಲ. ಅಲೆಗಳನ್ನು ಕಂಡ ಮೇಲೆ ಮಾತುಗಳನ್ನು ಅವಕ್ಕೆ ಹೊಂದಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ.

ನರವಿಜ್ಞಾನಿ ಆಂಟೊಯಿನ್ ಲುಟ್ಜ್, ವರೇಲಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗವೇ ಇದಕ್ಕೆ ದಾರಿ. ಚುಕ್ಕೆಗಳ ನಡುವೆ ಮೂರು ಆಯಾಮದ ಆಕೃತಿ ಮೂಡುವ ಮುನ್ನ ತಾವೆಷ್ಟು ಸಿದ್ಧರಿದ್ದೆವೆಂದು ಭಾಗವಹಿಸಿದವರೇ ತಿಳಿಸಿದ್ದರು. ಆ ಪ್ರಕಾರ ಗುಂಪು ಮಾಡಿದಾಗ, ಎಲ್ಲವನ್ನೂ ಸರಾಸರಿ ಮಾಡಿದ್ದರೆ ಅಳಿಸಿಹೋಗುತ್ತಿದ್ದ, ಗಾಮಾ ಎಂಬ ವೇಗದ ಮಿದುಳಿನ ಅಲೆಗಳ ವ್ಯತ್ಯಾಸಗಳು ಕಂಡವು.

ಗಾಮಾ ಅಲೆಗಳಲ್ಲಿ ಹಣೆಯ ಸ್ನಾಯುಗಳ ವಿದ್ಯುತ್ತೂ ಬೆರೆಯುವುದರಿಂದ, ಹುಬ್ಬು ಬಿಗಿದಿತ್ತೇ ಎಂದೂ ಕೇಳುತ್ತೇನೆ. ಹೌದೆಂದ ಭಾಗಗಳನ್ನು ಗಾಮಾ ವಿಶ್ಲೇಷಣೆಯಿಂದ ಹೊರಗಿಡುತ್ತೇನೆ.