ಎಪ್ಪತ್ತು ನಿಮಿಷದ ದಂದೋರಿ ಎಂಟಕ್ಕೆ ಇಳಿದಿದ್ದು: ನನ್ನ ಅನುಭವ

ನಮ್ಮ 200 ಟನ್ ಪ್ರೆಸ್‌ನಲ್ಲಿ ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಬದಲಿಸಲು ಈಗ 8 ನಿಮಿಷ ಸಾಕು. 2022ರಲ್ಲಿ 70 ನಿಮಿಷ ಹಿಡಿಯುತ್ತಿತ್ತು. ಹಳೇ ಲಾಟಿನ ಕೊನೆಯ ಒಳ್ಳೆ ಪೀಸ್‌ನಿಂದ ಹೊಸ ಲಾಟಿನ ಮೊದಲ ಒಳ್ಳೆ ಪೀಸ್ ತನಕದ ಲೆಕ್ಕ ಇದು. ಬೋಲ್ಟ್ ಬಿಗಿದ ತಕ್ಷಣ ಗಡಿಯಾರ ನಿಲ್ಲಿಸುವವರ ಲೆಕ್ಕ ಅಲ್ಲ. ಸರ್ವೋ ಪ್ರೆಸ್ (ಮೋಟರನ್ನು ಕಂಪ್ಯೂಟರ್ ನಡೆಸುವ ಹೊಸ ಬಗೆ) ಇಟ್ಟುಕೊಂಡವರು ನಗಬಹುದು, ನಗಲಿ. ನಮ್ಮದು ನಾನು ಹುಟ್ಟುವ ಮೊದಲೇ ಈ ಶಾಪಿಗೆ ಬಂದು ಕೂತ ಕ್ರ್ಯಾಂಕ್ ಪ್ರೆಸ್.

ನಾನಿರುವುದು ಜಪಾನಿನ ಐಚಿ ಪ್ರಾಂತ್ಯದಲ್ಲಿ. ಟೊಯೋಟಾ ನಗರದಿಂದ ಕಾರಿನಲ್ಲಿ ಅರ್ಧ ಗಂಟೆ. ಒಟ್ಟು 23 ಜನ ಕೆಲಸ ಮಾಡುವ ಮೂರನೇ ಹಂತದ ಸಪ್ಲೈಯರ್ ನಾವು, ಅಂದರೆ ಕಾರು ಕಂಪನಿಗೂ ನಮಗೂ ನಡುವೆ ಇನ್ನೆರಡು ಹಂತದ ಸಪ್ಲೈಯರ್‌ಗಳು. ಸೈಲೆನ್ಸರ್ ತೂಗುಹಾಕುವ ಬ್ರಾಕೆಟ್, ಸೀಟಿನ ಕೆಳಗಿನ ಕ್ಲಾಂಪ್, ವೈರಿಂಗ್ ಹಿಡಿದುಕೊಳ್ಳುವ ತಗಡು, ಇಂಥವು. ಕಾರು ಕೊಂಡವರು ಬಗ್ಗಿ ಕೂಡ ನೋಡದ ಸಾಮಾನು. 2017ರಲ್ಲಿ ಪೀಣ್ಯದ ಪ್ರೆಸ್ ಶಾಪ್ ಬಿಟ್ಟು ಇಲ್ಲಿಗೆ ಬಂದೆ. ಅಲ್ಲಿ ನಾಲ್ಕು ಜನ ಕೂಗಾಡಿಕೊಂಡು 40 ನಿಮಿಷದಲ್ಲಿ ಡೈ ಬದಲಿಸುತ್ತಿದ್ದೆವು. ಜಪಾನ್ ಅಂದರೆ ಎಲ್ಲ 3 ನಿಮಿಷದಲ್ಲಿ ಆಗುತ್ತೆ ಅಂದುಕೊಂಡಿದ್ದೆ. ಬಂದು ನೋಡಿದರೆ ಇಬ್ಬರು ಮುದುಕರು, ಒಂದು ಸ್ಪಾನರ್, 70 ನಿಮಿಷ. ಇಲ್ಲಿ ಡೈ ಬದಲಿಸುವುದಕ್ಕೆ ದಂದೋರಿ ಎನ್ನುತ್ತಾರೆ. ಆ ಪದ ಕಿವಿಗೆ ಬಿದ್ದರೆ ಸಾಕು, ಎಲ್ಲರೂ ಟೀ ಕುಡಿಯಲು ಹೊರಡುತ್ತಿದ್ದರು.

ಮೊದಲು ಅದು ನಡೆಯುತ್ತಿತ್ತು. ಒಂದು ಲಾಟ್ ಅಂದರೆ ಐದು ಸಾವಿರ ಪೀಸ್. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ದಂದೋರಿ. ಆದರೆ 1990ರಲ್ಲಿ ಜಪಾನ್ ತನ್ನ ನೆಲದಲ್ಲಿ ಸುಮಾರು 1 ಕೋಟಿ 35 ಲಕ್ಷ ಗಾಡಿ ಮಾಡಿತ್ತು. 2024ರಲ್ಲಿ ಅದು 82 ಲಕ್ಷದ ಆಸುಪಾಸು. ದೇಶದ ಒಳಗಿನ ಮಾರಾಟವೂ ಅಷ್ಟೇ, ಅಂದು 78 ಲಕ್ಷ ಇದ್ದದ್ದು 2024ರಲ್ಲಿ 44 ಲಕ್ಷ. ಗಾಡಿ ಕಡಿಮೆಯಾಯಿತು, ಬಗೆ ಮಾತ್ರ ಜಾಸ್ತಿಯಾಯಿತು. ಪೆಟ್ರೋಲಿನದ್ದು, ಹೈಬ್ರಿಡ್, ಪ್ಲಗ್ಇನ್, ಬ್ಯಾಟರಿಯದ್ದು, ಒಂದೊಂದಕ್ಕೂ ಬೇರೆ ಬ್ರಾಕೆಟ್. ನಮ್ಮ ಲಾಟ್ ಐದು ಸಾವಿರದಿಂದ ಸಾವಿರದ ಇನ್ನೂರಕ್ಕೆ, ಅಲ್ಲಿಂದ ಆರು ನೂರಕ್ಕೆ ಬಂತು. ಆರು ನೂರು ಪೀಸ್ ಹೊಡೆಯಲು 15 ನಿಮಿಷ, ಅದಕ್ಕೆ ಡೈ ಕೂರಿಸಲು 70 ನಿಮಿಷ! ದಿನಕ್ಕೆ ಎಂಟು ಸಲ ಬದಲಿಸಿದರೆ ಒಂದು ಶಿಫ್ಟ್ ಪೂರ್ತಿ ಬರೀ ಬೋಲ್ಟ್ ಬಿಚ್ಚುವುದರಲ್ಲೇ ಹೋಗುತ್ತೆ. ಹಾಗಾಗಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಜಾಸ್ತಿ ಹೊಡೆದು, ಗೋದಾಮು ಬಾಡಿಗೆಗೆ ಹಿಡಿದು ತುಂಬಿಸಿಟ್ಟೆವು. ಬೇಕಾದಾಗ ಬೇಕಾದಷ್ಟೇ ಮಾಡು ಎನ್ನುವ ಜಸ್ಟ್ ಇನ್ ಟೈಮ್ ಹುಟ್ಟಿದ ಊರಿನಲ್ಲೇ!

ದಂದೋರಿಯ ಸಮಯ ಇಳಿಸೋಣ ಅಂತ ಮಾಲೀಕರಿಗೆ ನಾನು ಹೇಳಿದಾಗ ಅವರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿಗೆ 71 ವರ್ಷ. ಅವರು ಹೇಳಿದ್ದು ಇಷ್ಟೇ: "ಕಾರ್ಖಾನೆ ಕೆಲಸ ಸುಧಾರಿಸುವ ತಜ್ಞ ಶಿಂಗೋ ಅವರು 1969ರಲ್ಲಿ ಟೊಯೋಟಾದ 1000 ಟನ್ ಪ್ರೆಸ್‌ನಲ್ಲಿ ನಾಲ್ಕು ಗಂಟೆಯ ದಂದೋರಿಯನ್ನು 3 ನಿಮಿಷಕ್ಕೆ ತಂದರು, ನನಗೂ ಗೊತ್ತು. ಆಗ ಮೆತ್ತಗಿನ ಉಕ್ಕು. ಈಗ ಹೈಟೆನ್, ಗಟ್ಟಿ ಉಕ್ಕು. ಡೈ ಬೇಗ ಕೂರಿಸ್ತೀರಿ, ಆಮೇಲೆ ಬೆಂಡ್ ಕೋನ ಸರಿಮಾಡೋಕೆ ಒಂದು ಗಂಟೆ ಕೂರ್ತೀರಿ." ನನಗೆ ಸಿಟ್ಟು ಬಂತು. ಅವರ ಮಾತು ಅರ್ಧ ಸರಿ ಅಂತ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಮೊದಲ ತಪ್ಪು ನನ್ನದೇ, ದುಬಾರಿಯದ್ದು. ಹೈಡ್ರಾಲಿಕ್ ಕ್ಲಾಂಪ್ ಹಾಕಿಸಿದೆ. ಸುಮಾರು 18 ಲಕ್ಷ ಯೆನ್, ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿ ಅಂದುಕೊಳ್ಳಿ. ಬೋಲ್ಟ್ ಬಿಚ್ಚುವ ಕೆಲಸ ಹೋಯಿತು, 70 ನಿಮಿಷ 61 ಆಯಿತು. 18 ಲಕ್ಷಕ್ಕೆ 9 ನಿಮಿಷ. ಆ ಸಂಜೆ ಮಾಲೀಕರು ನನಗೊಂದು ಕ್ಯಾನ್ ಕಾಫಿ ಕೊಡಿಸಿ, ಏನೂ ಹೇಳದೆ ಹೋದರು. ಬೈದಿದ್ದರೆ ವಾಸಿಯಿತ್ತು.

ಎರಡನೆಯದು ವಿಡಿಯೋ. ದಂದೋರಿಯನ್ನು ಚಿತ್ರೀಕರಿಸಿ, ಒಳ ಕೆಲಸ (ಪ್ರೆಸ್ ನಿಂತಾಗಲೇ ಮಾಡಬೇಕಾದದ್ದು) ಹೊರ ಕೆಲಸ (ಪ್ರೆಸ್ ಓಡುವಾಗಲೂ ಮಾಡಬಹುದಾದದ್ದು) ಬೇರೆ ಮಾಡೋಣ ಅಂತ. ಪುಸ್ತಕದಲ್ಲಿ ಹಾಗೇ ಇರುತ್ತಲ್ವಾ. ಮೂರನೇ ದಿನ ಮೇಸ್ತ್ರಿ ತಮ್ಮ ಟೋಪಿ ತೆಗೆದು ಕ್ಯಾಮೆರಾಗೆ ಹಾಕಿದರು. ಅಲ್ಲಿಗೆ ಅದು ಮುಗಿಯಿತು. ಆಮೇಲೆ ಸುಮ್ನೆ ಪಕ್ಕದಲ್ಲಿ ನಿಂತು, ಸಾಮಾನು ಎತ್ತಿಕೊಡುತ್ತಾ, ಕೈಗಡಿಯಾರ ನೋಡಿಕೊಂಡೆ. ಹೆಚ್ಚು ತಿಳಿದದ್ದು ಆಗಲೇ. ಡೈ ಹೊರಗೆ ತೆಗೆದು ಹೊಸದು ಒಳಗೆ ಇಡಲು 20 ನಿಮಿಷ ಸಾಕಾಗುತ್ತಿತ್ತು. ಉಳಿದದ್ದೆಲ್ಲ ಅಡ್ಜಸ್ಟ್‌ಮೆಂಟ್. ಸ್ಲೈಡ್ (ಪ್ರೆಸ್ಸಿನಲ್ಲಿ ಮೇಲೆ ಕೆಳಗೆ ಆಡುವ ಭಾಗ) ಎತ್ತು, ಇಳಿಸು, ಫೀಡರ್ (ತಗಡನ್ನು ಒಳಗೆ ತಳ್ಳುವ ಯಂತ್ರ) ಎತ್ತರ ಸರಿಮಾಡು, ಒಂದು ಹೊಡಿ, ಅಳತೆ ನೋಡು, ಮತ್ತೆ ಇಳಿಸು.

ಮೂರನೆಯದನ್ನು ಹೇಳಲು ನಾಚಿಕೆ. ಕ್ರೇನ್ ಬೇಡ ಅಂತ ಆಂಗಲ್ ಬೆಸುಗೆ ಹಾಕಿ ರೋಲರ್ ಗಾಡಿ ಮಾಡಿದೆ. ಖರ್ಚು 40 ಸಾವಿರ ಯೆನ್ ಕೂಡ ಆಗಲಿಲ್ಲ, ಎಲ್ಲರಿಗೂ ತೋರಿಸಿಕೊಂಡು ಬಂದೆ. ಸ್ಟಾಪರ್ ಪಿನ್ ಮಾತ್ರ ತೆಳ್ಳಗಾಯಿತು. 900 ಕೆಜಿಯ ಡೈ ಬೋಲ್‌ಸ್ಟರ್ (ಡೈ ಕೂರುವ ಮೇಜು) ಅಂಚಿನವರೆಗೆ ಜಾರಿ, ಒಂದು ಕೈ ಅಗಲ ಹೊರಗೆ ಬಂದು ನಿಂತಿತು. ಯಾರ ಕಾಲೂ ಅಲ್ಲಿ ಇರಲಿಲ್ಲ. ಆ ಗಾಡಿಯನ್ನು ಅದೇ ದಿನ ಗ್ಯಾಸ್ ಕಟರ್‌ನಲ್ಲಿ ತುಂಡು ಮಾಡಿಸಿದರು, ನನ್ನ ಕೈಯಿಂದಲೇ. ಈಗ ಇರುವ ಗಾಡಿಯಲ್ಲಿ ಎರಡು ಪಿನ್, ಒಂದು ಕೊಕ್ಕೆ. ಅದರ ಮೇಲೆ ಯಾರೂ ಮಾತಾಡುವ ಹಾಗಿಲ್ಲ.

ಇನ್ನು ಕೆಲಸ ಮಾಡಿದ್ದು ಯಾವುದು? ಬರೀ ಪ್ಲೇಟು. ಓಡುತ್ತಿದ್ದ 48 ಡೈಗಳ ಎತ್ತರ ಅಳೆದೆ. 330ರಿಂದ 420 ಮಿಲಿಮೀಟರ್ ತನಕ ಒಂದೊಂದೂ ಒಂದೊಂದು ಎತ್ತರ. ಫೀಡ್ ಲೈನೂ (ತಗಡು ಡೈ ಒಳಗೆ ಹೋಗುವ ಎತ್ತರ) ಹಾಗೇ. ಕೆಳಗೆ ಒಂದು ಪ್ಲೇಟ್ ಹಾಕಿ ಫೀಡ್ ಲೈನ್ ಒಂದೇ ಮಾಡುವುದು, ಮೇಲೆ ಒಂದು ಹಾಕಿ ಒಟ್ಟು ಎತ್ತರ ಒಂದೇ ಮಾಡುವುದು. ಆಮೇಲೆ ಸ್ಲೈಡ್ ಮುಟ್ಟುವ ಹಾಗಿಲ್ಲ, ಫೀಡರ್ ಮುಟ್ಟುವ ಹಾಗಿಲ್ಲ. ಇದೇನು ಹೊಸದಲ್ಲ, ನಿಮಗೂ ಗೊತ್ತು. ಗೊತ್ತಿದ್ದೂ ಮಾಡಿದವರು ಎಷ್ಟು ಜನ?

ಅಲ್ಲೂ ಒಂದು ಸಲ ಮುಗ್ಗರಿಸಿದೆ. ದುಡ್ಡು ಉಳಿಸಲು ಮೊದಲ ಹತ್ತು ಸೆಟ್ ಪ್ಲೇಟನ್ನು ಗ್ಯಾಸಿನಲ್ಲಿ ಕತ್ತರಿಸಿ, ಒಂದೇ ಮುಖ ಗ್ರೈಂಡ್ ಮಾಡಿಸಿದೆ. ಪ್ಲೇಟ್ ಬಾಗಿತ್ತು, ಮೂಲೆಯಿಂದ ಮೂಲೆಗೆ 0.15 ಮಿಲಿಮೀಟರ್ ವ್ಯತ್ಯಾಸ. ಹೊಡೆದ ಪೀಸಿನಲ್ಲಿ ಒಂದೇ ಕಡೆ ಬರ್ (ಅಂಚಿನ ಚೂಪು ಮುಳ್ಳು) ಬಂತು, ಎರಡು ಡೈಗಳಲ್ಲಿ ತೂತು ಹೊಡೆಯುವ ಪಂಚ್ ಮುರಿಯಿತು. ರಿಪೇರಿ, ಒಳ್ಳೆ ಪೀಸ್ ಕೆಟ್ಟ ಪೀಸ್ ಬೇರೆ ಮಾಡಿದ್ದು, ರಾತ್ರಿ ನಾನೇ ವ್ಯಾನ್ ಓಡಿಸಿಕೊಂಡು ಹೋಗಿ ಸಾಮಾನು ಕೊಟ್ಟಿದ್ದು, ಎಲ್ಲ ಸೇರಿ ಆರು ಲಕ್ಷ ಯೆನ್ ಹತ್ತಿರ ಹೋಯಿತು. ಆಮೇಲೆ ಎರಡೂ ಮುಖ ಗ್ರೈಂಡ್ ಮಾಡಿಸಿದೆ, ಸೆಟ್ಟಿಗೆ 25ರಿಂದ 30 ಸಾವಿರ ಯೆನ್. ಇಲ್ಲಿ ಟೊಯೋಟಾ ಕ್ಯಾಲೆಂಡರ್ ನಡೆಯುತ್ತೆ. ಸರ್ಕಾರಿ ರಜೆಯ ದಿನವೂ ಕೆಲಸ, ಬದಲಿಗೆ ಮೇ ತಿಂಗಳು, ಆಗಸ್ಟ್, ಹೊಸ ವರ್ಷಕ್ಕೆ ಉದ್ದ ರಜೆ. 2023ರ ಆಗಸ್ಟ್ ರಜೆಯಲ್ಲಿ ಊರೆಲ್ಲ ಓಬೋನ್ ಹಬ್ಬಕ್ಕೆ ಹೋಗಿತ್ತು. ನಾನು ಮತ್ತು ವಿಯೆಟ್ನಾಂನ ಒಬ್ಬ ಹುಡುಗ, ಇಬ್ಬರೇ ಸೇರಿ 42 ಡೈಗಳಿಗೆ ಪ್ಲೇಟ್ ಕೂರಿಸಿದೆವು. ಶಾಪಿನ ಒಳಗೆ 38 ಡಿಗ್ರಿ ಇತ್ತು. ಆ ಹುಡುಗ ದಿನಾ ಫೋ (ಅವರ ಕಡೆಯ ನೂಡಲ್ ಸೂಪ್) ಮಾಡಿ ತರುತ್ತಿದ್ದ, ನಾನು ಪುಳಿಯೋಗರೆ.

ಸೆಪ್ಟೆಂಬರಿನಲ್ಲಿ 61 ನಿಮಿಷ 24ಕ್ಕೆ ಇಳಿಯಿತು. ಅಲ್ಲೇ ನಿಂತುಬಿಟ್ಟಿತು. ಮೇಸ್ತ್ರಿ ಹೇಳಿದ್ದೇ ಆಗಿತ್ತು. 590 ಮೆಗಾಪಾಸ್ಕಲ್ ಹೈಟೆನ್ ಶೀಟು ಒಂದು ಕಾಯಿಲಿನಿಂದ (ತಗಡಿನ ಸುರುಳಿ) ಇನ್ನೊಂದು ಕಾಯಿಲಿಗೆ ಬೇರೆ ಥರ ಹಿಂದಕ್ಕೆ ಸಿಡಿಯುತ್ತೆ. ಡೈ ಸರಿಯಾಗಿ ಕೂತಿದೆ, ಬೆಂಡ್ ಮಾತ್ರ ಅರ್ಧ ಡಿಗ್ರಿ ಆಚೆ ಈಚೆ. ಆಗ ಡೈ ಬಿಚ್ಚಿ ಶಿಮ್ (ತೆಳ್ಳನೆ ತಗಡಿನ ಪಟ್ಟಿ) ಹಾಕಬೇಕು. ಹದಿನೈದು ನಿಮಿಷ ಅದಕ್ಕೇ ಹೋಗುತ್ತಿತ್ತು.

ಕೊನೆಗೆ ಹೋಗಿ ಮೇಸ್ತ್ರಿಯನ್ನೇ ಕೇಳಿದೆ. ಅವರು ಜೇಬಿನಿಂದ ಒಂದು ಎಣ್ಣೆ ಹತ್ತಿದ ನೋಟ್‌ಬುಕ್ ತೆಗೆದರು. ಹತ್ತು ಹನ್ನೆರಡು ವರ್ಷದಿಂದ ಯಾವ ಕಾಯಿಲಿಗೆ ಎಷ್ಟು ಶಿಮ್ ಹಾಕಿದೆ ಅಂತ ಬರೆದಿಟ್ಟಿದ್ದರು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆ ಅಂಕಿಗಳನ್ನು ಕಾಯಿಲ್ ಜೊತೆ ಬರುವ ಮಿಲ್ ಶೀಟಿನ (ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪತ್ರ) ಅಂಕಿಯ ಪಕ್ಕ ಇಟ್ಟು ನೋಡಿದೆವು. ಬೆಂಡ್ ಸ್ಟೇಶನ್‌ಗೆ ಹೊರಗಿನಿಂದಲೇ ತಿರುಗಿಸುವ ವೆಜ್ (ಬೆಣೆ) ಹಾಕಿದೆವು. ಈಗ ಕಾಯಿಲ್ ಬಂದ ತಕ್ಷಣ ಪಟ್ಟಿ ನೋಡಿ, ಡೈ ಪ್ರೆಸ್‌ಗೆ ಹೋಗುವ ಮೊದಲೇ ವೆಜ್ ಇಷ್ಟು ಗೆರೆ ತಿರುಗಿಸು ಅಂತ ಹೇಳುತ್ತೇವೆ. ಮಿಲ್ ಶೀಟಿನ ಯಾವ ಅಂಕಿ, ಎಷ್ಟು ಗೆರೆ, ಅದನ್ನು ಮಾತ್ರ ಕೇಳಬೇಡಿ. ಅದು ನಮ್ಮ ಅನ್ನ. ಒಂದು ಸುಳಿವು ಕೊಡುತ್ತೇನೆ: ಎಲ್ಲರೂ ಮೊದಲು ನೋಡುವ ಅಂಕಿ ಅದಲ್ಲ. 2024ರ ನವೆಂಬರಿನಲ್ಲಿ ಮೊದಲ ಸಲ 10 ನಿಮಿಷದ ಕೆಳಗೆ ಬಂತು. ಮೇಸ್ತ್ರಿ ತಮ್ಮ ಗಡಿಯಾರದಲ್ಲೂ ನೋಡಿಕೊಂಡರು.

ನಡುವೆ ಕೆಲವು ಹುಚ್ಚಾಟ ಮಾಡಿದೆ. ಪಂಚ್ ಆದ ಸ್ಲಗ್ (ತೂತಿನಿಂದ ಬಿದ್ದ ತುಂಡು) ಡೈ ಮೇಲೆ ಎದ್ದು ಬಂದರೆ ಶಬ್ದ ಬದಲಾಗುತ್ತೆ, ಅಲ್ವಾ? ಎರಡು ಸಾವಿರ ಯೆನ್ನಿನ ಮೈಕು, ಒಂದು ಚಿಕ್ಕ ಬೋರ್ಡು ಹಚ್ಚಿ ಅದನ್ನು ಹಿಡಿಯಲು ನೋಡಿದೆ. ಪಕ್ಕದ 110 ಟನ್ ಪ್ರೆಸ್ ಹೊಡೆದಾಗಲೆಲ್ಲ ನಮ್ಮದು ನಿಲ್ಲುತ್ತಿತ್ತು. ಒಂದು ವಾರ ಎಲ್ಲರ ಕೈಲೂ ಬೈಸಿಕೊಂಡೆ. ಈಗ ಮೈಕು ಬಿಟ್ಟು ವೈಬ್ರೇಶನ್ ಸೆನ್ಸರನ್ನು ಡೈಗೇ ಅಂಟಿಸಿದ್ದೇನೆ, ಹತ್ತರಲ್ಲಿ ಏಳು ಸಲ ಸರಿ ಹಿಡಿಯುತ್ತೆ. ಇನ್ನೊಂದು, ಹಳೇ ಸೈಕಲ್ ಚೈನ್ ಮತ್ತು ತೂಕದ ಕಲ್ಲಿನಿಂದ ಸ್ಕ್ರ್ಯಾಪ್ ಪೆಟ್ಟಿಗೆ ತಾನೇ ಹಿಂದಕ್ಕೆ ಸರಿಯುವ ಹಾಗೆ ಮಾಡಿದ್ದು. ಕರೆಂಟ್ ಬೇಡ, ಮೋಟರ್ ಬೇಡ. ಇಲ್ಲಿ ಇದಕ್ಕೆ ಕರಾಕುರಿ ಎನ್ನುತ್ತಾರೆ. ನೋಡಲು ಬಂದ ಮೇಲಿನ ಹಂತದವರು ಡೈ ಬದಲಿಸುವುದನ್ನು ಬಿಟ್ಟು ಇದರ ಫೋಟೋ ಹೊಡೆದುಕೊಂಡು ಹೋದರು!

ದುಡ್ಡಿನ ಮಾತು. ತಪ್ಪುಗಳೆಲ್ಲ ಸೇರಿ ಒಟ್ಟು 45 ಲಕ್ಷ ಯೆನ್ ಖರ್ಚು. ಗೋದಾಮು ಬಿಟ್ಟಿದ್ದರಿಂದ ತಿಂಗಳಿಗೆ 1 ಲಕ್ಷ 20 ಸಾವಿರ, ಓವರ್‌ಟೈಮ್ ಇಳಿದಿದ್ದರಿಂದ ಒಂದೂವರೆ ಲಕ್ಷ ಉಳಿಯುತ್ತಿದೆ. ಒಂದೂವರೆ ವರ್ಷದಲ್ಲಿ ಹಾಕಿದ್ದು ವಾಪಸ್. ಹೊಸ ಸರ್ವೋ ಲೈನಿಗೆ ಕೊಟೇಶನ್ ತರಿಸಿದ್ದೆವು, ಐದು ಕೋಟಿ ಯೆನ್‌ಗಿಂತ ಮೇಲಿತ್ತು. ಐಚಿಯಲ್ಲಿ ಕನಿಷ್ಠ ಕೂಲಿ 2024ರ ಅಕ್ಟೋಬರಿನಲ್ಲೇ ಗಂಟೆಗೆ 1,077 ಯೆನ್ ಆಯಿತು. ಕೂಲಿ ಏರುತ್ತೆ, ಪೀಸಿನ ರೇಟು ಇಳಿಸಿ ಅಂತ ಮೇಲಿಂದ ಪತ್ರ ಬರುತ್ತೆ. ಉಳಿಸಿದ್ದೇ ಲಾಭ.

ಅಂದುಕೊಳ್ಳದ ಲಾಭವೂ ಒಂದು ಸಿಕ್ಕಿತು. ಎತ್ತರ ಅಳೆಯಲು ಹೋಗಿ ಹಿತ್ತಲಿನ ಶೆಡ್ಡಿನಲ್ಲಿದ್ದ ಡೈಗಳನ್ನೂ ಎಣಿಸಿದೆ. ಸುಮಾರು 340. ಎಂದೋ ನಿಂತುಹೋದ ಮಾಡೆಲ್ಲುಗಳದ್ದು, ಬಿಡಿಭಾಗದ ಆರ್ಡರ್ ಬಂದರೂ ಬರಬಹುದು ಅಂತ ಪುಕ್ಕಟೆ ಕಾಯುತ್ತಿದ್ದೆವು. ಹೀಗೆ ಡೈಗಳನ್ನು ಬಿಟ್ಟಿ ಇಡಿಸುವುದರ ಮೇಲೆ ಇಲ್ಲಿನ ಫೇರ್ ಟ್ರೇಡ್ ಕಮಿಷನ್ ಈಚಿನ ವರ್ಷಗಳಲ್ಲಿ ಗಟ್ಟಿಯಾಗಿ ಕಣ್ಣಿಟ್ಟಿದೆ. ಪಟ್ಟಿ ಮಾಡಿ ಕಳಿಸಿದೆವು. 90 ಡೈ ಸ್ಕ್ರ್ಯಾಪ್ ಮಾಡಲು ಒಪ್ಪಿಗೆ ಬಂತು, ಉಳಿದ ಕೆಲವಕ್ಕೆ ಬಾಡಿಗೆಯೂ ಬರುತ್ತಿದೆ. ಜಾಸ್ತಿ ಅಲ್ಲ, ಶೆಡ್ಡಿನ ತೆರಿಗೆಗೆ ಸಾಕು.

2025ರ ಏಪ್ರಿಲಿನಲ್ಲಿ ಅಮೆರಿಕ ಕಾರುಗಳ ಮೇಲೆ 25 ಪರ್ಸೆಂಟ್ ಹೆಚ್ಚುವರಿ ಸುಂಕ ಹಾಕಿದಾಗ ಆರ್ಡರ್ ಶೀಟ್ ವಾರಕ್ಕೆ ಮೂರು ಸಲ ಬದಲಾಯಿತು. ಸೆಪ್ಟೆಂಬರಿನಲ್ಲಿ ಒಟ್ಟು ಸುಂಕ 15ಕ್ಕೆ ಇಳಿಯುವ ತನಕ ಹಾಗೇ. ಇವತ್ತು ಮುನ್ನೂರು, ನಾಳೆ ಒಂಬೈನೂರು, ನಾಡಿದ್ದು ಸೊನ್ನೆ. ನಮ್ಮ ರಸ್ತೆಯಲ್ಲೇ ಒಂದು ಪ್ರೆಸ್ ಶಾಪ್ ಆ ಬೇಸಿಗೆಯಲ್ಲಿ ಬಾಗಿಲು ಹಾಕಿತು. ಮಾಲೀಕರಿಗೆ ವಯಸ್ಸಾಗಿತ್ತು, ಮಕ್ಕಳು ಟೋಕಿಯೋದಲ್ಲಿ. ಅವರ ಹನ್ನೊಂದು ಡೈಗಳು ನಮಗೆ ಬಂದವು. ಖುಷಿಪಡುವ ಸಂಗತಿ ಅಲ್ಲ, ಆದರೆ ಎರಡೇ ವಾರದಲ್ಲಿ ಅವಕ್ಕೆ ಪ್ಲೇಟ್ ಹಾಕಿ ಓಡಿಸಿದೆವು.

ಟೊಯೋಟಾ 2023ರಲ್ಲಿ ಒಂದು ದೊಡ್ಡ ಅಲ್ಯೂಮಿನಿಯಂ ಎರಕ ತೋರಿಸಿತು, ಕಾರಿನ ಹಿಂಭಾಗದ 86 ತಗಡಿನ ಭಾಗಗಳ ಬದಲು ಒಂದೇ ತುಂಡು. ಆ ದಿನ ಊಟದ ಹೊತ್ತಿನಲ್ಲಿ ಯಾರೂ ಮಾತಾಡಲಿಲ್ಲ. ಮೇಸ್ತ್ರಿ ಮಾತ್ರ, "ಎರಕಕ್ಕೆ ವೈರ್ ಕಟ್ಟೋಕೆ ಬ್ರಾಕೆಟ್ ಬೇಡ್ವಾ?" ಅಂದರು. ಬೇಕು ಅಂತಲೇ ನಾನೂ ಅಂದುಕೊಂಡಿದ್ದೇನೆ. ಸದ್ಯಕ್ಕೆ ಹೈಬ್ರಿಡ್ ಓಡುತ್ತಿದೆ, ಹೈಬ್ರಿಡ್‌ಗೂ ಸೈಲೆನ್ಸರ್ ಇದೆ, ಸೈಲೆನ್ಸರ್‌ಗೆ ನಮ್ಮ ಬ್ರಾಕೆಟ್ ಇದೆ.

ಪೀಣ್ಯದ ಹಳೇ ಗೆಳೆಯನಿಗೆ ಪ್ಲೇಟಿನ ವಿಷಯ ಹೇಳಿದೆ. ಅವನು ಮೂರು ತಿಂಗಳಲ್ಲಿ 40ರಿಂದ 14ಕ್ಕೆ ತಂದು ಫೋನ್ ಮಾಡಿದ, "ನಿಂದೇನು ದೊಡ್ಡ ವಿಷಯ ಗುರು, ಮೂರು ವರ್ಷ ಬೇಕಾಯ್ತಾ?" ಅಂತ. ಇರಲಿ. ಅವನಿಗೆ ಹೈಟೆನ್ ಇನ್ನೂ ಬಂದಿಲ್ಲ.

ನಮ್ಮಲ್ಲಿ ಆರು ಡೈ ಹಾಗೇ ಉಳಿದಿವೆ. ಅವುಗಳ ಎತ್ತರವೇ ಜಾಸ್ತಿ, ಪ್ಲೇಟಿಗೆ ಜಾಗ ಇಲ್ಲ. ಒಂದೊಂದಕ್ಕೂ ಈಗಲೂ 45 ನಿಮಿಷ. ಅವು ಪಟ್ಟಿಯಲ್ಲಿ ಬಂದ ದಿನ ನಾನು ಬೆಳಗ್ಗೆ ಆರಕ್ಕೇ ಹೋಗುತ್ತೇನೆ. ಮೇಸ್ತ್ರಿ ಅದಕ್ಕೂ ಮೊದಲೇ ಬಂದಿರುತ್ತಾರೆ.